ಕೋರಮಂಡಲ್ ಲೈನಿನ ಅಪ್ಪನಿಗೆ

ಅಪ್ಪಾ,

ನೀನಿರುವ ಕಡೆ ಕರೆಂಟಿದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೆ ನೀನು ಸುಮ್ಮನೆ ಕೂರುವ ಆಸಾಮಿಯಲ್ಲ, ಇಷ್ಟು ಹೊತ್ತಿಗೆ ಯಾವುದೋ ಕಂಬ ಹತ್ತಿರುತ್ತೀಯ. ಒಂದು ಮಾತು ಕೇಳಬೇಕಿತ್ತು. ಕಳೆದ ವಾರ ನಮ್ಮ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿದ್ದು ನೀನೇನಾ? ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಅವಳು ಮೊದಲು ಕೇಳುವುದೇ, ನೀನು ಸೊರಗಿದ ಹಾಗೆ ಇದ್ದೆಯಾ ಅಂತ.

ನಾನು ಚಿಕ್ಕವಳಿದ್ದಾಗ ಬಂಗಾರಪೇಟೆಯಿಂದ ರೈಲು ಹತ್ತಿಸಿ, ಕೋರಮಂಡಲಿನಲ್ಲಿ ಗಣಿಯ ಮಣ್ಣು ಸುರಿದ ಸೈನೈಡ್ ಗುಡ್ಡದ ಪಕ್ಕದ ಕಬ್ಬಿಣದ ಕಂಬಕ್ಕೆ ನನ್ನ ಕಿವಿ ಒತ್ತಿಸಿದ್ದೆ, ನೆನಪಿದೆಯಾ? "ಕೇಳುಸ್ತಾ ಪಾಪ? ಅದು ಕಾವೇರಿ ಕಣಮ್ಮ. ಶಿವನಸಮುದ್ರದಾಗೆ ಬೀಳೋ ನೀರು, ತಂತಿ ಮ್ಯಾಲೆ ನಮ್ಮೂರಿಗೆ ಬತ್ತದೆ." ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು ನಮ್ಮ ಚಿನ್ನದ ಗಣಿಗೆ ಕರೆಂಟು ಬಂತು ಎನ್ನುವಾಗ ನೀನೇ ಎಳೆದು ತಂದವನ ಹಾಗೆ ಬೀಗುತ್ತಿದ್ದೆ. ತಂದವರು ನಿನ್ನ ತಾತನ ಕಾಲದವರು, ಎತ್ತಿನ ಗಾಡಿಯಲ್ಲಿ ತಂತಿಯ ಸುರುಳಿ ಸಾಗಿಸಿದವರು. ಮಹಾರಾಜರ ಕಾಲದಲ್ಲಿ ಸರ್ಕಾರದ ವಿದ್ಯುತ್ ಇಲಾಖೆಯಾಗಿದ್ದದ್ದು ಆಮೇಲೆ ಬೋರ್ಡಾಯಿತು, ಬೋರ್ಡು ಹೋಗಿ ನಿಗಮವಾಯಿತು. ಗೇಟಿನ ಫಲಕಕ್ಕೆ ಎಷ್ಟು ಸಲ ಬಣ್ಣ ಬಳಿದರೂ ನಿನ್ನ ಬಾಯಲ್ಲಿ ಅದು ಕೊನೆಯವರೆಗೂ "ಕಂಪ್ನಿ"ಯೇ. ನಾವು ಕುಡಿದದ್ದು ಬೇತಮಂಗಲದ ಕೆರೆ ನೀರು, ಕಾವೇರಿಯಲ್ಲ. ಆದರೂ ಅವತ್ತು ಆ ಕಂಬದೊಳಗೆ ನೀರು ಧುಮುಕುವುದು ನನಗೆ ನಿಜವಾಗಿಯೂ ಕೇಳಿಸಿತ್ತು.

ಬೆಳಿಗ್ಗೆ ತಟ್ಟೆಯ ಮುಂದೆ ಕೂತರೆ ತಿನ್ನುವುದನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆಯಲ್ಲ, ನಾನು ನಗುತ್ತಿದ್ದೆ. ಅದು ನಿಮ್ಮ ಸ್ಟೇಷನ್ನಿನ ಪದ್ಧತಿ ಎಂದು ಆಮೇಲೆ ತಿಳಿಯಿತು. ಲೈನ್‌ಮನ್ ಕಂಬ ಹತ್ತುವ ಮುಂಚೆ ಆಪರೇಟರನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಆಗ ಕರೆಂಟು ತೆಗೆಯುತ್ತಾರೆ. ಇಳಿದ ಮೇಲೆ ಅವನೇ ಅದನ್ನು ರಿಟರ್ನ್ ಕೊಡಬೇಕು, ಬೇರೆ ಯಾರೂ ಕೊಡುವ ಹಾಗಿಲ್ಲ. ಗರಗರ ಎನ್ನುವ ಫೋನಿನಲ್ಲಿ ಮಾತನಾಡುತ್ತಿರುವುದು ಅವನೇ ಎಂದು ಗೊತ್ತಾಗುವುದು ಹೇಗೆ? ಬೆಳಿಗ್ಗೆ ಏನು ತಿಂದೆ ಎಂದು ಹತ್ತುವಾಗಲೂ ಕೇಳುವುದು, ಇಳಿದಾಗಲೂ ಕೇಳುವುದು. ಎರಡೂ ಒಂದೇ ಆಗಿದ್ದರೆ ಆಪರೇಟರ್ ಅದನ್ನೇ ತಿರುಗಿ ಹೇಳಿ "ರಿಟರ್ನ್ ತಗೊಂಡೆ" ಅನ್ನಬೇಕು. ಅಲ್ಲಿಯವರೆಗೆ ಲೈನು ಕಂಬದ ಮೇಲಿನವನದು.

ಗಣಿ ಮುಚ್ಚುವ ಹಿಂದಿನ ವರ್ಷ ನೀನು ಕೋರಮಂಡಲ್ ಲೈನಿನ ಕೆಲಸ ಮುಗಿಸಿ, ಇಳಿದು, ಸೊಂಟದ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ಕಂಬಕ್ಕೆ ಒರಗಿ ಕೂತೆ. ಎದೆನೋವಂತೆ. ಫೋನಿನವರೆಗೆ ಬರಲು ಆಗಲೇ ಇಲ್ಲ... ನೀನು ರಿಟರ್ನ್ ಕೊಡದ ಲೈನಿಗೆ ಕರೆಂಟು ಬಿಡಲು ಯಾರಿಗೂ ಕೈ ಬರಲಿಲ್ಲ. ಗಣಿಗೆ ಬೇರೆ ಲೈನಿಂದ ಕೊಟ್ಟರು. ಆಮೇಲೆ ಗಣಿಯೇ ಮುಚ್ಚಿತು, ಆ ಲೈನನ್ನು ಕೇಳುವವರೇ ಇಲ್ಲವಾದರು. ಅವತ್ತು ಸ್ಟೇಷನ್ನಿನಲ್ಲಿದ್ದ ನಾರಾಯಣಪ್ಪನವರು ಆಮೇಲೆ ನನಗೆ ಕೆಲಸ ಕಲಿಸಿದರು. ನೀನು ಹತ್ತುವಾಗ ಹೇಳಿದ್ದನ್ನು ಅವರು ನನಗೊಬ್ಬಳಿಗೇ ಹೇಳಿದ್ದರು: "ತಂಗಳು ಮುದ್ದೆ, ಮಜ್ಗೆ. ಉಪ್ಪಿನಕಾಯಿ ಇರ್ಲಿಲ್ಲ." ಅವರೂ ಈಗಿಲ್ಲ. ಅವತ್ತು ಜಾಡಿ ಖಾಲಿಯಾಗಿತ್ತು ಎಂದು ಅಮ್ಮ ಇವತ್ತಿಗೂ ಉಪ್ಪಿನಕಾಯಿ ಬಾಯಿಗಿಡುವುದಿಲ್ಲ.

ಕಳೆದ ವಾರ ನಾನು ಡ್ಯೂಟಿಯಲ್ಲಿದ್ದೆ. ನಿನ್ನ ಕೆಲಸವೇ ನನಗೆ ಸಿಕ್ಕಿತು, ಕಂಬದ ಬದಲು ಕುರ್ಚಿ, ಅಷ್ಟೇ. ಕೋರಮಂಡಲಿನ ಕಾಲೊನಿಯ ನೀರಿನ ಪಂಪಿಗೆಂದು ನಿನ್ನ ಲೈನನ್ನು ಮತ್ತೆ ಎಬ್ಬಿಸಬೇಕಿತ್ತು. ನಮ್ಮ ಲೈನ್‌ಮನ್ ಸೆಲ್ವಂ ಬೆಳಿಗ್ಗೆ ಲೈನ್ ಕ್ಲಿಯರ್ ತೆಗೆದುಕೊಂಡು ಹೋಗಿದ್ದ. ಅವನು ತಿಂದದ್ದು ಇಡ್ಲಿ, ಕಾರ ಚಟ್ನಿ. ಮಟಮಟ ಮಧ್ಯಾಹ್ನ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. "ಇಳ್ದೆ. ಲೈನ್ ಕೊಡು." ಬರೀ ಗರಗರ. ಹಸಿವಾಗಿತ್ತು, ಬೇಗ ಮುಗಿಸಿ ಬುತ್ತಿ ಬಿಚ್ಚೋಣವೆಂದು ನನ್ನ ಕೈ ಆಗಲೇ ಕರೆಂಟು ಬಿಡುವ ಹ್ಯಾಂಡಲಿನ ಮೇಲಿತ್ತು. ಆ ಗರಗರ ಎತ್ತರದಿಂದ ನೀರು ಬೀಳುವ ಸದ್ದು ಎಂದು ಆಗ ಹೊಳೆಯಿತು. ಸೈನೈಡ್ ಗುಡ್ಡದ ಪಕ್ಕ ನೀರೆಲ್ಲಿಂದ ಬರಬೇಕು? "ಬೆಳಿಗ್ಗೆ ಏನ್ ತಿಂದೆ?" ಎಂದೆ.

"ತಂಗಳು ಮುದ್ದೆ, ಮಜ್ಗೆ," ಎಂದಿತು ಆ ದನಿ. "ಉಪ್ಪಿನಕಾಯಿ ಇರ್ಲಿಲ್ಲ."

ಹ್ಯಾಂಡಲಿನಿಂದ ಕೈ ತೆಗೆದೆ. ಏನಾದರೂ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಸೆಲ್ವಂನ ಮೊಬೈಲಿಗೆ ಮೇಲಿಂದ ಮೇಲೆ ಒತ್ತಿದೆ. ಕೊನೆಗೆ ಎತ್ತಿದ. "ಅಕ್ಕಾ, ನಾನಿನ್ನಾ ಕಂಬದ್ ಮೇಲೇ ಇದೀನಿ. ಇಳ್ದೆ ಅಂತ ಯಾರ್ ಸೊನ್ನಾ, ಯಾರ್ ಹೇಳಿದ್ದು?" ಎಂದು ನಕ್ಕ. ಅವನ ಎರಡೂ ಕೈ ತಂತಿಯ ಮೇಲಿದ್ದವು, ಫೋನ್ ಹೆಗಲಿಗೆ ಒತ್ತಿಕೊಂಡಿದ್ದನಂತೆ. ನಿನಗೆ ಏನು ಅವಸರವಾಗಿತ್ತು? ಇಷ್ಟು ವರ್ಷ ಕಾದವನು ಇನ್ನೊಂದು ಗಂಟೆ... ನಿನ್ನ ಮೇಲೆ ಅವತ್ತು ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಸೆಲ್ವಂ ಇಳಿದು ತನ್ನ ಇಡ್ಲಿ, ಚಟ್ನಿ ಒಪ್ಪಿಸಿದ. ಅವನ ರಿಟರ್ನ್ ತೆಗೆದುಕೊಂಡೆ. ಆದರೂ ಹ್ಯಾಂಡಲ್ ಎತ್ತಲಾಗಲಿಲ್ಲ. ನೀನು ಕೊಟ್ಟೆ, ನಾನು ತೆಗೆದುಕೊಂಡಿರಲಿಲ್ಲವಲ್ಲ? ತಿರುಗಿ ಹೇಳುವ ಮೊದಲೇ ಕಟ್ಟಾಗಿತ್ತಲ್ಲ? ನಾಳೆ ಕೊಡುತ್ತೇನೆಂದು ಸಾಹೇಬರಿಗೆ ತಲೆನೋವಿನ ನೆಪ ಹೇಳಿದೆ.

ಮಾರನೆಯ ದಿನ ಬೆಳಗಿನ ರೈಲಿಗೆ ಕೋರಮಂಡಲಿನಲ್ಲಿ ಇಳಿದು ನಿನ್ನ ಕಂಬದ ಹತ್ತಿರ ಹೋದೆ. ತಂತಿಯಲ್ಲಿ ಕರೆಂಟಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕಿವಿ ಒತ್ತಿದರೆ ಒಳಗೆ ನೀರು ಧೋ ಎಂದು ಬೀಳುತ್ತಿತ್ತು. ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿದಳು. ನೋಡಲಿ ಎಂದುಕೊಂಡು ಗಟ್ಟಿಯಾಗಿಯೇ ಹೇಳಿದೆ: "ತಂಗಳು ಮುದ್ದೆ, ಮಜ್ಗೆ, ಉಪ್ಪಿನಕಾಯಿ ಇರ್ಲಿಲ್ಲ. ರಿಟರ್ನ್ ತಗೊಂಡೆ ಅಪ್ಪ."

ನೀರು ನಿಂತಿತು. ನಲ್ಲಿ ತಿರುಗಿಸಿದ ಹಾಗೆ ಒಂದೇ ಸಲಕ್ಕೆ. ಕಬ್ಬಿಣ ನನ್ನ ಕೆನ್ನೆಗೆ ತಣ್ಣಗೆ ತಾಗಿತು. "ಸರಿ ಪಾಪ" ಎಂದು ನೀನು ಅಂದೆಯೋ, ನನಗೇ ಹಾಗೆ ಅನ್ನಿಸಿತೋ...

ಅದೇ ದಿನ ಹನ್ನೊಂದು ಗಂಟೆಗೆ ಕರೆಂಟು ಬಿಟ್ಟೆ. ಕಾಲೊನಿಯಲ್ಲಿ ಪಂಪು ತಿರುಗಿತು, ಹೆಂಗಸರು ಕೊಡ ಇಟ್ಟು ಜಗಳಕ್ಕೆ ನಿಂತರಂತೆ. ಅಮ್ಮನಿಗೆ ಏನೂ ಹೇಳದೆ ಒಂದು ಜಾಡಿ ಮಾವಿನಕಾಯಿ ಉಪ್ಪಿನಕಾಯಿ ತಂದು ನಿನ್ನ ಫೋಟೊ ಮುಂದೆ ಇಟ್ಟಿದ್ದೇನೆ. ನಿನ್ನ ಡ್ಯೂಟಿ ಮುಗಿಯಿತು, ಬೆಲ್ಟು ತೆಗೆದುಕೊಂಡು ಮನೆಗೆ ಹೋಗು. ಅಭ್ಯಾಸಬಲದಿಂದ ಮತ್ತೆ ಕಂಬದ ಕಡೆ ಬಂದೀಯ ಎಂದೇ ಇಷ್ಟೆಲ್ಲ ಬರೆದದ್ದು. ಕೋರಮಂಡಲ್ ಲೈನಿಗೆ ಈಗ ಜೀವ ಬಂದಿದೆ ಅಪ್ಪ. ಮುಟ್ಟಬೇಡ.

ನಿನ್ನ ಪಾಪ