ಕುಡಿ ಎಂದರೆ ಯಾವ ಕಡೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ನಿನ್ನೆ, ಭಾನುವಾರ, ಹನ್ನೊಂದೂವರೆಗೆ, ಆಂಧ್ರದ ರಾಯದುರ್ಗದ ಉಚಿತ ದಂತ ಶಿಬಿರದಲ್ಲಿ ನನ್ನ ತಂಗಿ ಚಿತ್ತಮ್ಮನ ಗಟ್ಟಿ ಹಲ್ಲು ಕಿತ್ತರು. ನೋಯುತ್ತಿದ್ದದ್ದು ಎಡ ದವಡೆ. ಕಿತ್ತದ್ದು ಬಲ.

ಹತ್ತಿ ಬದಲಿಸಿದೆ. ಇನ್ನೂ ಕೆಂಪು...

ಡಾಕ್ಟರು "ಕುಡಿ?" ಎಂದರಂತೆ. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಅಮರಾಪುರದ ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡುವವಳು ಇವಳು. ಆದರೆ ಬಾಯೊಳಗೆ ಕನ್ನಡಿಯ ಕಡ್ಡಿ, ಎದುರಿಗೆ ನೀರಿನ ಲೋಟ. ಕುಡಿಯಲು ಹೇಳುತ್ತಿದ್ದಾರೆಂದು ತಲೆ ಆಡಿಸಿದಳು. ಆ ಹಲ್ಲಿನ ಕಂದು ಕಲೆ ನಮ್ಮೂರ ಫ್ಲೋರೈಡ್ ನೀರಿನದು. ಅವರಿಗೆ ಹುಳುಕಾಗಿ ಕಂಡಿತು.

ಮಾತು ತಿಳಿಸಲೆಂದೇ ಜೊತೆಗೆ ಹೋದವಳು ನಾನು. ಆಗ ಬ್ಯಾನರಿನ ಹತ್ತಿರ ಇದ್ದೆ. ಒಂದಕ್ಷರ ಕನ್ನಡ ಇಲ್ಲವೆಂದು ಜಗಳ.

"ಹಲ್ಲು ಹೋದ್ರೆ ಹೋಯ್ತು ಬಿಡಕ್ಕ. ಬ್ಯಾನರ್ ಆದ್ರೂ ಸರಿ ಆಯ್ತಾ?"

ನಗಲು ಹೋಗಿ ರಕ್ತ ಉಗುಳಿದಳು.

ಮಾರ್ಚ್ 4

ರಕ್ತ ಪೂರ್ತಿ ನಿಂತಿಲ್ಲ. ಸಕ್ಕರೆ ಕಾಯಿಲೆ ಇದೆಯಾ ಎಂದು ಶಿಬಿರದಲ್ಲಿ ಕೇಳಲೇ ಇಲ್ಲ. ಇದೆ — ಆರು ವರ್ಷದಿಂದ. ಸಕ್ಕರೆ ಏರಿದರೆ ವಸಡು ಊದುತ್ತದೆ, ಗಾಯ ಬೇಗ ಮಾಯುವುದಿಲ್ಲ. ಯಾವ ಪುಸ್ತಕದಲ್ಲಾದರೂ ಇದೆ.

"ಹಲ್ಲಿಗೆ ಹುಳ ಬಿದ್ದೈತೆ ಕಣಕ್ಕ, ಅದಕ್ಕೇ ನೋವು."

ಹುಳ ಇಲ್ಲ ಎಂದೆ. ಹೊತ್ತಿಗೊಂದು ಸಿಹಿ ಟೀ, ಉಜ್ಜದ ಹಲ್ಲು, ಸಂದಿಯಲ್ಲಿ ಕೂತ ಅಗುಳು. ಇಷ್ಟೇ.

"ಹಂಗಾದ್ರೆ ನಮ್ಮೂರಾಗೆ ಯಾರಿಗೂ ಹಲ್ಲೇ ಇರಬಾರ್ದಿತ್ತು."

ಎಂಬತ್ನಾಲ್ಕನೇ ಇಸವಿಯಲ್ಲೂ ಹೀಗೇ ಹಲ್ಲಿನ ಡಾಕ್ಟರುಗಳು ಬಂದಿದ್ದರು. ಶಾಲೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಹಲ್ಲು ಕಿರಿಸಿ, ಕಲೆ ಎಣಿಸಿ ಬರೆದುಕೊಂಡು ಹೋದರು. ಮತ್ತೆ ಬರಲಿಲ್ಲ. ನೀರು ಅದೇ.

ಸಂಜೆ

ಟಾರ್ಚ್ ಹಿಡಿದು ಅವಳ ಬಾಯೊಳಗೆ ನೋಡಿದೆ. ಎಡಗೆನ್ನೆಯ ಒಳಗೆ, ಹೊಗೆಸೊಪ್ಪು ಒತ್ತಿಕೊಳ್ಳುವ ಜಾಗ. ಬೆಳ್ಳಗೆ, ಸುಣ್ಣ ಬಳಿದಂತೆ. ಒರೆಸಿದೆ. ಹೋಗಲಿಲ್ಲ.

ಏನಿರಬಹುದೆಂದು ಓದಿ ಗೊತ್ತು. ಹೆಸರು ಬರೆಯುವುದಿಲ್ಲ.

ಮಾರ್ಚ್ 8

ಹಲ್ಲಿನ ಡಾಕ್ಟರು ತನುಶ್ರೀ ಅವರ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಮೊದಲು ಬಲಗಡೆ ನೋಡಿದರು. "ಇಷ್ಟು ಗಟ್ಟಿ ಹಲ್ಲು ಯಾಕ ತೆಗೆದ್ರು?" ಎಡಗಡೆ ನೋಡಿ ದೀಪ ಹತ್ತಿರಕ್ಕೆ ಎಳೆದುಕೊಂಡರು.

"ಹೊಗೆಸೊಪ್ಪು ಎಷ್ಟು ವರ್ಷದಿಂದ್ರಿ?"

"ಮದ್ವೆ ಆದಾಗ ಅತ್ತೆ ಕೊಟ್ಟ ಚಾಳಿ ಕಣಮ್ಮ. ಅವ್ರಿಗಿಂತ ಇದೇ ವಾಸಿ."

ಡಾಕ್ಟರು ಆ ಬಿಳಿ ಜಾಗದಿಂದ ಚೂರು ಕತ್ತರಿಸಿ ಪರೀಕ್ಷೆಗೆ ಬಳ್ಳಾರಿಗೆ ಕಳಿಸಿದರು. ಹತ್ತು ದಿನ.

ಮಾರ್ಚ್ 19

ಇಷ್ಟು ದಿನ ಬರೆಯಲಾಗಲಿಲ್ಲ. ಪೆನ್ನು ಹಿಡಿದರೆ ಆ ಹೆಸರೇ ಬರುತ್ತಿತ್ತು.

ರಿಪೋರ್ಟ್ ಬಂತು. "ಕ್ಯಾನ್ಸರ್ ಅಲ್ರಿ. ಇನ್ನೂ ಅಲ್ಲ. ಆದ್ರ ಆ ಕಡೆ ತಿರುಗೈತ್ರಿ. ಹೊಗೆಸೊಪ್ಪು ಇವತ್ತೇ ಬಿಡಬೇಕು. ಬಿಟ್ರೂ ಮೂರು ತಿಂಗಳಿಗೊಮ್ಮೆ ತೋರಿಸ್ರಿ."

ಇನ್ನೂ ಅಲ್ಲ... ಬಸ್ ಸ್ಟ್ಯಾಂಡ್‌ವರೆಗೂ ಆ 'ಇನ್ನೂ' ಕಿವಿಯಲ್ಲಿ.

ಚಿತ್ತಮ್ಮ ಹೊಗೆಸೊಪ್ಪಿನ ಎಲೆಚೀಲ ನನ್ನ ಕೈಗಿಟ್ಟಳು. "ಮಡಿಕ್ಕೋ. ಕೇಳಿದ್ರೂ ಕೊಡಬ್ಯಾಡ." ಈ ಸಲ ತಮಾಷೆಯಿಲ್ಲ.

ಬಸ್ಸಿನಲ್ಲಿ ಯಾರೋ ಪಾಂಪ್ಲೆಟ್ ಕೊಟ್ಟರು. ಭಾನುವಾರ ಅದೇ ಶಿಬಿರ, ಮಡಕಶಿರಾದಲ್ಲಿ. ಅಲ್ಲಿ ಎಷ್ಟು ಚಿತ್ತಮ್ಮಂದಿರು ತಲೆ ಆಡಿಸುತ್ತಾರೋ.

ಕಾಗದ ಬರೆಯುತ್ತಿದ್ದೇನೆ. ಇಲ್ಲೇ ಕರಡು —

ಶಿಬಿರ ನಡೆಸುವವರಿಗೆ. ಭಾನುವಾರ, ಮೊದಲ ಹಲ್ಲು ಕೀಳುವ ಮುಂಚೆ, ಎಲ್ಲರೆದುರು ಮೈಕಿನಲ್ಲಿ ಉತ್ತರ ಕೊಡಿ. ನೋವು ಯಾವ ಕಡೆಯೆಂದು ಬೆರಳಿಟ್ಟು ತೋರಿಸಲು ಯಾಕೆ ಹೇಳಲಿಲ್ಲ? ಸಕ್ಕರೆ ಕಾಯಿಲೆ ಯಾಕೆ ಕೇಳಲಿಲ್ಲ? ಎಡಗೆನ್ನೆಯ ಬಿಳಿ ಮಚ್ಚೆ ಯಾಕೆ ಕಾಣಲಿಲ್ಲ? ಆಕೆ ತಲೆ ಆಡಿಸಿದಾಗ, ಎರಡೂ ಭಾಷೆ ಬಲ್ಲವರೊಬ್ಬರು ಪಕ್ಕದಲ್ಲಿ ಯಾಕೆ —

ಆಗ ನಾನು ಬ್ಯಾನರಿನ ಹತ್ತಿರ ಇದ್ದೆ.