ಮಾಬುನ್ನಿ ಕೈ ತೊಳೆಯದ ಸಂಜೆ

ಹರಿಹರ. ನಲವತ್ತೊಂದು ಸಾವಿರದ ಏಳುನೂರ ಹನ್ನೆರಡನೆಯ ಬಿಂಬ ಇಳಿದ ದಿನ. ನಿಮ್ಮ ಲೆಕ್ಕದಲ್ಲಿ ೨೧೫೧ನೇ ಇಸವಿ.

ಮೊದಲನೆಯ ಬಿಂಬಕ್ಕೂ ಮುಂಚೆ ಬದುಕುತ್ತಿರುವ ಹಿರಿಯರೇ,

ಈ ಕಾಗದದಲ್ಲಿ ನಿಮ್ಮ ಕಿವಿಗೆ ಒಗ್ಗದ ಮಾತುಗಳು ಬರುತ್ತವೆ. ಅದಕ್ಕೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ಆ ಮಾತುಗಳು ಹೆಸರಿಸುವ ವಸ್ತುಗಳೆಲ್ಲ ಹುಟ್ಟಿದ್ದು ನಿಮ್ಮ ಕಚೇರಿಗಳಲ್ಲಿ, ನಿಮ್ಮ ಸಹಿಯ ಕೆಳಗೆ. ನನ್ನ ಹೆಸರು ಹುಚ್ಚಂಗೆಮ್ಮ. ವಯಸ್ಸು ಐವತ್ತೆಂಟು. ಮೂವತ್ತೊಂದು ವರ್ಷ ಹರಿಹರದ ಮೇಜುಮನೆಯಲ್ಲಿ ದುಡಿದೆ. ಬರೆಯಲು ಕಲಿತದ್ದು ಕಾರ್ಮಿಕ ಸಂಘದ ಘೋಷಣೆ ಬರೆಯುತ್ತಾ, ಗೋಡೆಗಳ ಮೇಲೆ.

ಮೇಜುಮನೆ ಅಂದರೇನು ಅಂತ ಮೊದಲು ಹೇಳುತ್ತೇನೆ. ಹಳೆಯ ಗಿರಣಿ ಕೆಡವಿದ ಜಾಗದಲ್ಲಿ ಎದ್ದ, ಕಿಟಕಿಯೇ ಇಲ್ಲದ ಏಳಂತಸ್ತಿನ ಕಟ್ಟಡ. ಒಳಗೆ ಸಾಲು ಸಾಲು ಟೊಳ್ಳುಗಳು. ಟೊಳ್ಳು ಅಂದರೆ ಒಂದು ಪರದೆ, ಒಂದು ಕೀಲಿಮಣೆ, ಹಿಂದಕ್ಕೊಂದು ತಂತಿ, ಅಷ್ಟೇ. ಅದರ ಹೊಟ್ಟೆಯಲ್ಲಿ ಏನೂ ಇಲ್ಲ. ನಿಮ್ಮ ಕಾಲದ ಕಂಪ್ಯೂಟರಿಗೆ ಅದರದೇ ಒಂದು ನೆನಪು ಇತ್ತಂತೆ, ಬರೆದದ್ದು ಮಾರನೆಯ ದಿನ ಅಲ್ಲೇ ಸಿಗುತ್ತಿತ್ತಂತೆ. ಇದಕ್ಕೆ ಅದಿಲ್ಲ. ಬೆಳಿಗ್ಗೆ ಎಂಟಕ್ಕೆ ಅದರ ಮುಂದೆ ಕೂತು ಹೆಬ್ಬೆರಳು ಒತ್ತಿದರೆ ನಮ್ಮ ಮೇಜು, ಅಂದರೆ ಪರದೆಯ ಮೇಲಿನ ಕೆಲಸದ ಜಾಗ, ಒಡಲಿನಿಂದ ಇಳಿದು ಬರುತ್ತದೆ. ಒಡಲು ಎಂದರೆ ಯಂತ್ರಗಳ ಊರು. ಅದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಸಮುದ್ರದ ತಳದಲ್ಲಿದೆ ಅನ್ನುವವರಿದ್ದಾರೆ, ಹಿಮದ ನಾಡಲ್ಲಿದೆ ಅನ್ನುವವರೂ ಇದ್ದಾರೆ. ಅಲ್ಲಿ ಒಂದು ಮೂಲಬಿಂಬ ಇರುತ್ತದೆ, ಎರಕದ ಅಚ್ಚು ಇದ್ದ ಹಾಗೆ. ನಮ್ಮ ಸೀಮೆಯ ಹನ್ನೆರಡು ಮೇಜುಮನೆಗಳ ನಲವತ್ತು ಸಾವಿರ ಮೇಜುಗಳನ್ನು ದಿನಾ ಬೆಳಿಗ್ಗೆ ಆ ಒಂದೇ ಅಚ್ಚಿನಿಂದ ಹೊಯ್ದು ಇಳಿಸುತ್ತಾರೆ. ಸಂಜೆ ಆರಕ್ಕೆ ಎಲ್ಲವನ್ನೂ ಒರೆಸುತ್ತಾರೆ. ನಾವು ಬರೆದಿಟ್ಟ ಟಿಪ್ಪಣಿ, ಗುರುತು ಮಾಡಿದ ಸಾಲು, ಅರ್ಧಕ್ಕೆ ನಿಲ್ಲಿಸಿದ ಕಾಗದ, ಎಲ್ಲ ಹೋಯಿತು. ಮಾರನೆಯ ದಿನ ಮೇಜು ಎಷ್ಟು ಸ್ವಚ್ಛ ಅಂದರೆ, ನೀವು ನಿನ್ನೆ ಇದ್ದಿರಿ ಅನ್ನುವುದಕ್ಕೂ ಸಾಕ್ಷಿ ಇರುವುದಿಲ್ಲ.

ಇಲ್ಲಿ ಬೆಳಿಗ್ಗೆ ಎದುರು ಸಿಕ್ಕವರು ಊಟ ತಿಂಡಿ ವಿಚಾರಿಸುವುದಿಲ್ಲ. "ಮೇಜು ಇಳೀತಾ?" ಅಂತಾರೆ. ಇಳಿಯದ ದಿನ ಕೂಲಿ ಇಲ್ಲ, ಕೂಲಿ ಇಲ್ಲದವರಿಗೆ ರೇಷನ್ ಅಂಗಡಿಯ ಟೊಳ್ಳೂ ತೆರೆಯುವುದಿಲ್ಲ. ಶಾಲೆ, ಆಸ್ಪತ್ರೆ, ಬಸ್ಸಿನ ಬಾಗಿಲು, ಎಲ್ಲವೂ ಅದೇ ಹೆಬ್ಬೆರಳಿಗೆ ತೆರೆಯುತ್ತವೆ. ನೆನಪಿಡಲು ನಾವು ಹೆಂಗಸರು ಒಂದು ದಾರಿ ಕಂಡುಕೊಂಡಿದ್ದೆವು. ಕಡತದಲ್ಲಿ ಏನಾದರೂ ಅನುಮಾನ ಬಂದರೆ ಸೆರಗಿಗೆ ಒಂದು ಗಂಟು. ಆರು ಗಂಟೆಗೆ ಹೊರಗೆ ಬಂದು ಗಂಟು ಬಿಚ್ಚುತ್ತಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಅದು ಮೇಲಿನವರ ಕಣ್ಣಿಗೆ ಬಿತ್ತು. ಮರುವಾರ ಸೀರೆ ನಿಂತಿತು, ಸೆರಗಿಲ್ಲದ ಬೂದು ನಿಲುವಂಗಿ ಬಂತು. ನಮ್ಮ ಅಂತಸ್ತಿನ ಮೇಜುಗಾವಲು, ನೀವು ಸೂಪರ್‌ವೈಸರ್ ಅನ್ನುವವನು, ತಿಪ್ಪೇಶ ಅಂತ. ಅವನು ಸಾಲಿನ ಮಧ್ಯೆ ನಿಂತು, "ಗಂಟು ಕಟ್ಟಾಕೆ ಇದೇನ್ ನಿಮ್ ತವರುಮನೇನಾ? ಇಲ್ಲಿ ತಲೆ ಉಪಯೋಗ್ಸಂಗಿಲ್ಲ, ಬೆರಳು ಉಪಯೋಗ್ಸಿ ಸಾಕು" ಅಂದ. ಹಿಂದಿನ ಸಾಲಿನಿಂದ ಯಾರೋ, "ನೀನು ಎರಡೂ ಉಪಯೋಗ್ಸಲ್ಲ, ನಿನಗೆಂಗೆ ಸಂಬಳ ಬರುತ್ತಪ್ಪಾ?" ಅಂದರು. ಇಡೀ ಅಂತಸ್ತು ನಕ್ಕಿತು. ನಗುವನ್ನು ಒರೆಸುವ ಗುಂಡಿ ಅವನ ಹತ್ತಿರ ಇರಲಿಲ್ಲ.

ನಮ್ಮ ಕೆಲಸ ಚಿಕಿತ್ಸೆಯ ಅನುಮತಿ ಅರ್ಜಿ ನೋಡುವುದು. ನೋಡುವುದು ಅಂದೆನಲ್ಲ, ಅದು ಸುಳ್ಳು. ತೀರ್ಪು ಕೊಡುವುದು ಒಡಲಿನಲ್ಲಿರುವ ಯಂತ್ರ. ನೀವು ಅದಕ್ಕೆ ಸರ್ವರ್ ಅನ್ನುತ್ತಿದ್ದಿರಂತೆ, ಸೇವೆ ಮಾಡುವುದು ಅಂತ ಅರ್ಥವಂತೆ. ನಾವು ಧಣಿ ಅನ್ನುತ್ತೇವೆ. ಧಣಿ "ದಾಖಲೆ ಸಾಲದು, ವಾಪಸ್ ಕಳಿಸು" ಅಂದರೆ ನಾವು ಗುಂಡಿ ಒತ್ತಬೇಕು. ದಿನಕ್ಕೆ ಮುನ್ನೂರು ಸಲ. ಯಂತ್ರ ತಾನೇ ಒತ್ತಿಕೊಳ್ಳಬಹುದಿತ್ತಲ್ಲ? ಒತ್ತಬಹುದಿತ್ತು. ಆದರೆ ನಾಳೆ ಯಾರಾದರೂ ಸತ್ತರೆ ಮನುಷ್ಯರೊಬ್ಬರು ಪರಿಶೀಲಿಸಿದ್ದಾರೆ ಅಂತ ತೋರಿಸಲು ಒಂದು ಬೆರಳು ಬೇಕು. ಆ ಬೆರಳಿಗೇ ನಮಗೆ ಕೂಲಿ.

ಮಾಬುನ್ನಿ ಅಂತ ಒಬ್ಬಳಿದ್ದಾಳೆ. ನನಗಿಂತ ಹದಿನೈದು ವರ್ಷ ಚಿಕ್ಕವಳು, ನಮ್ಮ ಓಣಿಯವಳು. ಅವಳ ಕೆಲಸ ನಾಳೆಯ ಮೂಲಬಿಂಬ ಸಿದ್ಧ ಮಾಡುವುದು. ಅವಳ ಎದುರಿಗಿರುವ ಕಚ್ಚಾಬಿಂಬ ಒಂದೇ ನಮ್ಮ ಮೇಜುಮನೆಯಲ್ಲಿ ಒರೆಸದೆ ಉಳಿಯುವ ಜಾಗ. ಅವಳು ಅದರಲ್ಲಿ ಬೇಕಾದ ರಿಪೇರಿ ಮಾಡಿ, ಅವತ್ತು ವಾಪಸ್ ಹೋದ ಕೆಲವು ಅರ್ಜಿ ಹಾಕಿ ಪರೀಕ್ಷಿಸಿ, ಸಂಜೆ ಮೊಹರು ಒತ್ತಬೇಕು. ಮೊಹರಿಗೆ ಮುಂಚೆ ತನ್ನ ಗುರುತೇನೂ ಉಳಿಯದ ಹಾಗೆ ಎಲ್ಲವನ್ನೂ ಪಕ್ಕಕ್ಕೆ ಸರಿಸಬೇಕು. ಇದಕ್ಕೆ ಕೈ ತೊಳೆಯುವುದು ಅನ್ನುತ್ತಾರೆ. ತೊಳೆಯದೆ ಮೊಹರು ಒತ್ತಿದರೆ ಅವಳು ಬಿಟ್ಟದ್ದು ಬೆಳಿಗ್ಗೆ ನಲವತ್ತು ಸಾವಿರ ಪರದೆಯ ಮೇಲೆ ಇಳಿಯುತ್ತದೆ. ಹಿಂದೆ ಒಬ್ಬ ತನ್ನ ಮಗಳ ಮದುವೆಯ ಅಡುಗೆ ಸಾಮಾನಿನ ಪಟ್ಟಿಯನ್ನು ಹಾಗೆಯೇ ಬಿಟ್ಟಿದ್ದ. ಅವನ ಮನೆಯ ಬದನೆಕಾಯಿ ಎಷ್ಟು ಕಿಲೋ ಅಂತ ಇಡೀ ಸೀಮೆಗೆ ಗೊತ್ತಾಗಿ, ಸಾಯುವ ತನಕ ಅವನು ಬದನೆಕಾಯಿ ಬಸಣ್ಣನಾಗಿ ಉಳಿದ.

ಅರ್ಜಿ ಪರೀಕ್ಷಿಸುವಾಗ ಮಾಬುನ್ನಿಗೆ ಅದೇ ಹೆಸರುಗಳು ಮತ್ತೆ ಮತ್ತೆ ಕಂಡವು. ನಮಗೆ ಕಾಣಲು ಸಾಧ್ಯವಿರಲಿಲ್ಲ. ನಿನ್ನೆಯ ಅರ್ಜಿ ಇವತ್ತು ಬೇರೆಯವರ ಮೇಜಿಗೆ ಹೋಗುತ್ತದೆ, ಅವರಿಗೆ ಅದು ಹೊಸದು. ನನ್ನ ಮೇಜಿಗೇ ತಿರುಗಿ ಬಂದರೂ ನನ್ನ ಗುರುತು ಅಲ್ಲಿಲ್ಲ, ಮುನ್ನೂರು ಕಡತ ಒತ್ತಿದ ತಲೆಯಲ್ಲಿ ಹೆಸರೂ ನಿಂತಿರುವುದಿಲ್ಲ. ಅವಳು ಕಚ್ಚಾಬಿಂಬದ ಮೂಲೆಯಲ್ಲಿ ಒಂದು ಪುಟ ತೆರೆದು ಬರೆಯತೊಡಗಿದಳು. ಯಾರು, ಯಾವ ಊರು, ಎಷ್ಟು ಸಲ ವಾಪಸ್, ಒತ್ತಿದ್ದು ಯಾವ ನಂಬರಿನ ಬೆರಳು. ಸಂಜೆ ಕೈ ತೊಳೆಯುವಾಗ ಅದನ್ನು ಸರಿಸಿಟ್ಟು, ಬೆಳಿಗ್ಗೆ ಮತ್ತೆ ತೆರೆಯುತ್ತಿದ್ದಳು. ಐದು ತಿಂಗಳಲ್ಲಿ ಮುನ್ನೂರ ಹನ್ನೆರಡು ಹೆಸರಾದವು. ಎಲ್ಲರೂ ಬೀಡಿ ಕಟ್ಟುವವರು, ಕಲ್ಲು ಒಡೆಯುವವರು, ಚರಂಡಿಗೆ ಇಳಿಯುವವರು. ಒಬ್ಬನೇ ಒಬ್ಬ ಜಮೀನ್ದಾರ, ಒಬ್ಬನೇ ಒಬ್ಬ ಅಧಿಕಾರಿ ಅದರಲ್ಲಿ ಇರಲಿಲ್ಲ. ನೂರು ವರ್ಷ ಮುಂದೆ ಬಂದರೂ ಧಣಿಗೆ ನಮ್ಮ ಕೇರಿಗಳ ವಿಳಾಸ ಚೆನ್ನಾಗಿ ಗೊತ್ತು. ಅದಕ್ಕೆ ಆ ವಿಳಾಸ ಕಲಿಸಿದವರು ಯಾರು?

ಆ ಪಟ್ಟಿಯ ಮೊದಲ ಹೆಸರು ಸಾಕವ್ವ, ಹರಪನಹಳ್ಳಿ, ಬೀಡಿ ಕೆಲಸ, ಎದೆರೋಗ. ಅರವತ್ತು ಸಲ ವಾಪಸ್. ಅರವತ್ತೊಂದನೆಯ ಅರ್ಜಿಯ ಕಾರಣದ ಜಾಗದಲ್ಲಿ ಅವಳ ಮಗಳು ಬರೆದಿದ್ದಳು: "ಅವ್ವ ಸತ್ತಳು. ಇನ್ನು ವಾಪಸ್ ಕಳಿಸಬೇಡಿ." ಧಣಿ ಹೇಳಿತು, ದಾಖಲೆ ಸಾಲದು. ಯಾರದೋ ಬೆರಳು ಒತ್ತಿತು. ಆ ಸಂಜೆ ಮಾಬುನ್ನಿ ಪರೀಕ್ಷೆಗೆ ತೆಗೆದ ಅರ್ಜಿಗಳಲ್ಲಿ ಅದಿತ್ತು. ಅವಳ ಜೊತೆ ಮನೆಗೆ ಹೋಗಲು ನಾನು ಪಕ್ಕದಲ್ಲೇ ಕಾಯುತ್ತಿದ್ದೆ. ಅವಳು ಅರವತ್ತೊಂದು ಅಂತ ತಿದ್ದಿದಳು, ಮುಂಗೈಯಿಂದ ಕಣ್ಣು ಒರೆಸಿಕೊಂಡಳು, ಮೊಹರು ಒತ್ತಿಬಿಟ್ಟಳು. ಬೇಕೂಂತ ಮಾಡಲಿಲ್ಲ, ಕೈ ತೊಳೆಯುವುದು ಮರೆತಳು. ನಾನೇ ಕಣ್ಣಾರೆ ನೋಡಿದ್ದೇನೆ, ಬಾಗಿಲು ದಾಟಿದ ಮೇಲೆ ಅವಳು "ಯಕ್ಕಾ, ನಾನ್ ಪುಟ ತೆಗುದ್ನಾ?" ಅಂದು ಗೋಡೆಗೆ ಒರಗಿ ನಿಂತಳು. ವಾಪಸ್ ಹೋಗೋಣವೆಂದರೆ ಬಾಗಿಲು ಮುಚ್ಚಿತ್ತು.

ಬೆಳಿಗ್ಗೆ ಎಂಟಕ್ಕೆ ನಲವತ್ತು ಸಾವಿರ ಮೇಜು ಇಳಿದವು, ಪ್ರತಿಯೊಂದರ ಮೇಲೂ ಮುನ್ನೂರ ಹನ್ನೆರಡು ಹೆಸರು. ಮುಚ್ಚೋಣವೆಂದರೆ ಮುಚ್ಚುವುದಿಲ್ಲ, ಅಚ್ಚಿನಲ್ಲೇ ಇದೆ. ಮೊದಲು ಎಲ್ಲರೂ ಹುಡುಕಿದ್ದು ತಮ್ಮ ಊರನ್ನ, ಆಮೇಲೆ ತಮ್ಮ ಬೆರಳಿನ ನಂಬರನ್ನ. ನನ್ನ ನಂಬರು ಸಾಕವ್ವನ ಮುಂದೆ ನಾಲ್ಕು ಸಲ ಇತ್ತು. ನಾಲ್ಕು ಸಲ ಆ ಹೆಣ್ಣುಮಗಳು ನನ್ನ ಮುಂದೆ ಬಂದು ನಿಂತಿದ್ದಾಳೆ, ನಾಲ್ಕು ಸಲವೂ ನಾನು ಅವಳನ್ನು ಮೊದಲ ಸಲ ನೋಡಿದವಳ ಹಾಗೆ ಆಚೆ ತಳ್ಳಿದ್ದೇನೆ. ಥೂ, ಈ ಬೆರಳಿಗಿಷ್ಟು! ಯಾರೂ ಕರೆ ಕೊಡಲಿಲ್ಲ, ಆದರೂ ಹತ್ತು ಗಂಟೆಯ ಹೊತ್ತಿಗೆ ಹನ್ನೆರಡು ಮೇಜುಮನೆಯಲ್ಲಿ ಒಂದು ಬೆರಳೂ ಆಡುತ್ತಿರಲಿಲ್ಲ.

ಮೇಲಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಇಲ್ಲಿನ ಕಾನೂನು ಹೀಗಿದೆ. ಮರೆವಿನಿಂದ ಆದ ತಪ್ಪು ಆ ದಿನದ ಬಿಂಬದ ಜೊತೆಗೇ ಒರೆಸಿ ಹೋಗುತ್ತದೆ, ಮಾಡಿದವರಿಗೆ ಎರಡು ವಾರ ಮೇಜಿಲ್ಲ, ಮುಗಿಯಿತು. ಬೇಕೆಂದೇ ಮಾಡಿದ್ದು ಅಂತಾದರೆ ಅದು ಅಪರಾಧ. ಅಪರಾಧಕ್ಕೆ ಕಾಗದದ ದಾಖಲೆ ಆಗಬೇಕು, ಮಾಡಿದ್ದೇನು ಅನ್ನುವುದನ್ನು ಅಕ್ಷರ ಬಿಡದೆ ಅದಕ್ಕೆ ಲಗತ್ತಿಸಿ ನ್ಯಾಯಾಲಯದಲ್ಲಿ ಇಡಬೇಕು. ಕಾಗದವನ್ನು ಒಡಲು ಒರೆಸಲಾರದು. ಆದರೆ ಆ ಅಪರಾಧಿ ಮೇಜುಬಾಹಿರ. ಮೇಜುಬಾಹಿರ ಅಂದರೆ ಬದುಕಿರುವ ತನಕ ಅವಳ ಹೆಬ್ಬೆರಳಿಗೆ ಯಾವ ಟೊಳ್ಳೂ ತೆರೆಯುವುದಿಲ್ಲ. ನಿಮ್ಮ ಅಜ್ಜಂದಿರ ಕಾಲದಲ್ಲಿ ಕೆಲವರಿಗೆ ಕೆರೆಯ ನೀರು ಮುಟ್ಟಲು ಬಿಡುತ್ತಿರಲಿಲ್ಲವಲ್ಲ, ಅದೇ. ಹೆಸರು ಬದಲಾಗಿದೆ.

ಸಾಕ್ಷಿ ನಾನೊಬ್ಬಳೇ. ನಿಜ ಹೇಳಿದರೆ, ಅವಳು ಮರೆತಳು ಅಂದರೆ, ಮಾಬುನ್ನಿ ಉಳಿಯುತ್ತಾಳೆ, ಮುನ್ನೂರ ಹನ್ನೆರಡು ಜನ ಬದನೆಕಾಯಿ ಪಟ್ಟಿಯ ಹಾಗೆ ಒರೆಸಿ ಹೋಗುತ್ತಾರೆ. ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ರೊಟ್ಟಿ ತಟ್ಟುತ್ತಿದ್ದಳು. "ಮರೆತಿ ಅಂತ ಹೇಳ್ತೀನಿ ಕಣೇ, ನಿಜಾನೇ ಅಲ್ವಾ?" ಅಂದೆ. ತಟ್ಟುವುದು ನಿಲ್ಲಿಸಲಿಲ್ಲ. "ಯಕ್ಕಾ, ಮೂವತ್ತು ವರ್ಷ ಅವರಿಗಾಗಿ ಸುಳ್ಳಿಗೆ ಬೆರಳು ಒತ್ತಿದಿ. ನನಗಾಗಿ ಒಂದ್ ಸುಳ್ಳು ಹೇಳಾಕೆ ಆಗಲ್ವಾ?" ಅಂದಳು. "ಹುಚ್ಚಿ, ನಾಳೆಯಿಂದ ಏನ್ ತಿಂತಿ?" ಅಂದೆ. "ನೀನೈದಿಯಲ್ಲ, ನಿನ್ ರೇಷನ್‌ನಾಗೆ ಅರ್ಧ ಕಿತ್ಕಂತೀನಿ. ನಿನಗೂ ಮೈ ಇಳಿದಂಗೆ ಆಗುತ್ತೆ" ಅಂದು ನಕ್ಕಳು. ಆಮೇಲೆ ನಗು ನಿಂತಿತು. "ಮರೆತಳು ಅಂತ ಮಾತ್ರ ಅನ್ಬ್ಯಾಡ ಯಕ್ಕಾ. ಅಷ್ಟೂ ಜನ ವಾಪಸ್ ಹೋಗಿದ್ದು ನಾವು ಮರೆತಿದ್ದಕ್ಕೇ ಅಲ್ವಾ?"

ವಿಚಾರಣೆಯಲ್ಲಿ ಅಧಿಕಾರಿ ಬಹಳ ಸೌಜನ್ಯದಿಂದ ಕೇಳಿದ, "ಪಾಪ, ದಣಿವಿಗೆ ಮರೆತುಬಿಟ್ಟಿರಬೇಕು, ಅಲ್ಲವೇನಮ್ಮ?" ಉತ್ತರವನ್ನು ಅವನೇ ತಂದಿದ್ದ. ನಾನು ತಲೆ ಆಡಿಸಿದರೆ ಸಾಕಿತ್ತು. ನಾನು ಹೇಳಿದೆ, "ಇಲ್ಲ ಸ್ವಾಮಿ. ಬೇಕೂಂತಲೇ ಬಿಟ್ಟಳು. ಬಿಡು ಅಂತ ಹೇಳಿದವಳು ನಾನು. ಬರಕೊಳ್ಳಿ." ತಿಪ್ಪೇಶ ಹಿಂದಿನಿಂದ, "ಯಕ್ಕಾ, ನಿನ್ನ ಹೆಸರು ಯಾಕೆ ಸೇರಿಸ್ತಿ, ಸುಮ್ಕಿರು" ಅಂದ. ಪಟ್ಟಿಯಲ್ಲಿ ಅವನ ಸ್ವಂತ ಅತ್ತೆಯ ಹೆಸರಿತ್ತು. ಈಗ ನಾವಿಬ್ಬರೂ ಮೇಜುಬಾಹಿರರು. ಮುನ್ನೂರ ಹನ್ನೆರಡು ಹೆಸರು ದಾವಣಗೆರೆಯ ನ್ಯಾಯಾಲಯದಲ್ಲಿ ಕಾಗದದ ಮೇಲಿವೆ, ಕೇಳಿದವರಿಗೆ ನಕಲು ಕೊಡಲೇಬೇಕು. ಮೊದಲ ದಿನವೇ ಆರುನೂರು ಜನ ನಕಲಿಗೆ ಸಾಲು ನಿಂತರು.

ಇನ್ನು ನಿಮ್ಮ ಮಾತು. ನಿಮ್ಮ ಕಚೇರಿಗೂ ಯಾರೋ ಇಸ್ತ್ರಿ ಅಂಗಿಯವರು ಬಂದು ಪರದೆ ಇಳಿಬಿಟ್ಟು ಚಿತ್ರ ತೋರಿಸುತ್ತಾರೆ. ಮೇಜಿಗೊಂದು ಯಂತ್ರ ಯಾಕೆ, ಎಲ್ಲ ಒಂದೇ ಕಡೆ ಇಟ್ಟರೆ ನಿರ್ವಹಣೆ ಸುಲಭ, ವೈರಸ್ ಬರುವುದಿಲ್ಲ, ಕಳ್ಳತನ ಇಲ್ಲ, ದಿನಾ ಹೊಸ ಮೇಜು, ಮನೆಯಿಂದಲೂ ಕೆಲಸ ಮಾಡಬಹುದು. ಅವರು ಹೇಳುವುದು ಸುಳ್ಳಲ್ಲ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಮಾಬುನ್ನಿಗೆ ತನ್ನ ಬಿಂಬ ಅಂದರೆ ಪ್ರಾಣ. ನನ್ನ ಸಿಟ್ಟು ನಿಮ್ಮ ಮೇಲೆ. ಆ ಸಭೆಯಲ್ಲಿ ಕೂತು ಬಿಸ್ಕತ್ತು ತಿಂದು, ಸಂಜೆ ಒರೆಸುವ ಅಧಿಕಾರ ಯಾರದು, ದುಡಿಯುವವರ ಟಿಪ್ಪಣಿ ಯಾರ ಸ್ವತ್ತು ಅಂತ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬಂದವರು ನೀವು. ಅದು ಕಂಪ್ಯೂಟರ್ ವಿಭಾಗದವರ ಕೆಲಸ ಅಂದುಕೊಂಡಿರಿ. ನಿಮ್ಮ ನೆನಪನ್ನು ಯಾರ ಕೈಗೆ ಕೊಡಬೇಕು ಅನ್ನುವುದು ಯಾವ ವಿಭಾಗದ ಕೆಲಸ? ಕೇಳಿ. ಸಭೆ ನಿಲ್ಲಿಸಿ ಕೇಳಿ. ನಾವು ಬರೆದದ್ದು ನಮಗೆ ಉಳಿಯುತ್ತದೆ, ನಾವು ಒತ್ತಿದ ಗುಂಡಿಯ ಹಿಂದಿನ ಕಾರಣ ನಮಗೆ ಕಾಣುತ್ತದೆ ಅಂತ ಕಾಗದದ ಮೇಲೆ ಬರೆಸಿಕೊಳ್ಳದೆ ಸಹಿ ಹಾಕಬೇಡಿ. ನಿಮ್ಮನ್ನು ಹಟಮಾರಿಗಳು, ಹಿಂದುಳಿದವರು ಅನ್ನುತ್ತಾರೆ. ಅನ್ನಿಸಿಕೊಳ್ಳಿ, ಸಾಯುವುದಿಲ್ಲ.

ನನಗೆ ಹೊತ್ತಾಯಿತು. ಬಸ್ಸು ನಮಗೆ ಬಾಗಿಲು ತೆರೆಯುವುದಿಲ್ಲ, ಆದ್ದರಿಂದ ನಾನೂ ಮಾಬುನ್ನಿಯೂ ಹರಪನಹಳ್ಳಿಗೆ ನಡೆದೇ ಹೊರಟಿದ್ದೇವೆ, ಎರಡು ದಿನದ ದಾರಿ. ಸಾಕವ್ವನ ಮಗಳಿಗೆ ನಕಲು ಕೊಡಬೇಕು. ಕೊಟ್ಟು, ಇದರಲ್ಲಿ ನಾಲ್ಕು ಸಲ ಇರುವ ಈ ನಂಬರು ನನ್ನದು ತಾಯೀ ಅಂತ ನನ್ನ ಬಾಯಿಂದಲೇ ಹೇಳಬೇಕು. ಅವಳು ಬಾಗಿಲು ಹಾಕಿಕೊಳ್ಳಬಹುದು, ಕಾಲಲ್ಲಿರುವುದನ್ನು ಕೈಗೆ ತಗೊಳ್ಳಬಹುದು. ಅವಳು ಏನು ಮಾಡಿದರೂ ನಾನು ನಿಂತೇ ಇರುತ್ತೇನೆ.

ಹುಚ್ಚಂಗೆಮ್ಮ
ಮೇಜಿಲ್ಲದವಳು