ಸುಡದ ಕ್ಲಚ್ ಪ್ಲೇಟು

ರೀ,

ಮುದ್ದೆ, ಹುರುಳಿ ಸಾರು ಒಲೆ ಪಕ್ಕ ಮುಚ್ಚಿಟ್ಟಿದ್ದೀನಿ. ತಿಂದ್ಕೊಂಡೇ ಗಾಡಿ ಹತ್ರ ಹೋಗಿ.

ಪಿಕಪ್ಪು ಸ್ಟಾರ್ಟ್ ಆಗಲ್ಲ. ಬ್ಯಾಟರಿ ಕಳಚಬೇಡಿ, ಪ್ಲಗ್ ಉಜ್ಜಬೇಡಿ, ಕಾರ್ಬೊರೇಟರ್ ಊದಬೇಡಿ. ಕಳ್ಳರ ಭಯಕ್ಕೆ ರಾತ್ರಿ ಇಂಜಿನ್ನಿಂದ ಬಿಚ್ಚಿಡ್ತೀರಲ್ಲ, ಆ ರೋಟರ್ ನನ್ನ ಸೆರಗಿನ ಗಂಟಲ್ಲಿದೆ. ಅದಿಲ್ಲದೆ ಇಂಜಿನ್ ಸ್ಟಾರ್ಟ್ ಆಗಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು.

ಕಡ್ಲೇಕಾಯಿ ಕೀಳೋ ಕಾಲದಲ್ಲಿ, ಮುಳಬಾಗಿಲಲ್ಲಿ ನಮ್ಮಮ್ಮನಿಗೆ ಜೀವ ಹೋಗೋ ಹಾಗಿದೆ ಅಂತ ಸುದ್ದಿ ಬಂದಾಗ ಏನಂದ್ರಿ? ಕ್ಲಚ್ ಪ್ಲೇಟ್ ಸುಟ್ಟುಹೋಗಿದೆ, ಗಾಡಿ ಗ್ಯಾರೇಜಲ್ಲಿದೆ, ಸಾಯಂಕಾಲ ಕರ್ಕೊಂಡು ಹೋಗ್ತೀನಿ ಅಂದ್ರಿ. ಸೀರೆ ಉಟ್ಕೊಂಡು ಬಾಗಿಲಲ್ಲೇ ಕೂತಿದ್ದೆ. ಕೊನೆಗೆ ಅವಳ ಮುಖ ನೋಡೋಕೂ ಸಿಗಲಿಲ್ಲ. ನಿನ್ನೆ ಗ್ಯಾರೇಜ್ ಸಾಬ್ರು ಹೇಳಿದ್ರು, ಆ ಕ್ಲಚ್ಚು ಇವತ್ತಿನವರೆಗೂ ಬಿಚ್ಚೇ ಇಲ್ಲವಂತೆ. ಅವತ್ತು ನೀವು ಸ್ನೇಹಿತರನ್ನ ತುಂಬ್ಕೊಂಡು ಕೋಲಾರಕ್ಕೆ ಸಿನಿಮಾಕ್ಕೆ ಹೋಗಿದ್ರಂತೆ.

ಇವತ್ತು ಮಾಲೂರಲ್ಲಿ ನಿಮ್ಮ ತಂಗಿ ಸೀಮಂತ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಬಳೆ, ಮಡಿಲಕ್ಕಿ ತಗೊಂಡು ಮೊದಲ ಬಸ್ಸಿಗೇ ಹೊರಟೆ. ಕ್ಲಚ್ ಪ್ಲೇಟಿನ ಕತೆ ಅಲ್ಲಿ ಎಲ್ಲರ ಮುಂದೆ ಹೇಳ್ತೀನಿ.

ನೀವು ನಿಧಾನಕ್ಕೆ ಬನ್ನಿ. ಗಾಡಿ ಕೆಟ್ಟಿತ್ತು ಅನ್ನಿ. ಈ ಸಲ ನಿಜಾನೇ ಹೇಳ್ತಿರ್ತೀರ, ಯಾರು ನಂಬ್ತಾರೋ ನಾನೂ ನೋಡ್ತೀನಿ.

ಶ್ಯಾಮಲ